ಕಾಡು ಟರ್ಕಿ ಕಾಲಿನ ಮುಳ್ಳನ್ನ ತೆಗೆದು ನೆನಪಿಗೆ ಇಟ್ಕೊಳ್ಳೋದು ಹೇಗೆ?

ಅಮೆರಿಕದ ಮಿಸ್ಸೂರಿಯಲ್ಲಿ ಮೊದಲನೇ ಸಲ ಬೇಟೆಗೆ ಹೋಗಿ ಗಾಬ್ಲರ್ (ಗಂಡು ಟರ್ಕಿ ಕೋಳಿ) ಹೊಡೆದಿದ್ದೀರ, ಮಾಂಸ ಖಾಲಿ ಆಗಿ ಎರಡು ಕಾಲು ಮಾತ್ರ ಫ್ರೀಜರ್‌ನಲ್ಲಿ ಕೂತಿವೆ, ಅದರ ಸ್ಪರ್‌ಗಳನ್ನ, ಅಂದ್ರೆ ಕಾಲಿನ ಹಿಂದಿರೋ ಮುಳ್ಳುಗಳನ್ನ, ವಾಸನೆ ಬರದ ಹಾಗೆ ಇಟ್ಕೊಳ್ಳೋದು ಹೇಗೆ ಅಂತ ಕೇಳಿದ್ದೀರ. ನಾನೂ ಇದೇ ರಾಜ್ಯದಲ್ಲಿ ಇರೋನು, ಆಫೀಸಿನವರೊಬ್ಬರ ಜೊತೆ ಸ್ಪ್ರಿಂಗ್ ಬೇಟೆ ಸೀಸನ್‌ಗೆ ಹೋಗಿ ಹೋಗಿ ಇಲ್ಲಿವರೆಗೆ ನಾಲ್ಕು ಜೊತೆ ತೆಗೆದಿದ್ದೀನಿ, ಮೊದಲನೇ ಜೊತೆ ಹಾಳು ಮಾಡ್ಕೊಂಡೆ, ಅಲ್ಲಿಂದಲೇ ಶುರು ಮಾಡ್ತೀನಿ.

ಕಾಲಿನ ಚರ್ಮ ಕೆರೆದು ಕೆರೆದು ಸಾಕಾಗಿ ಕುಕ್ಕರ್‌ಗೆ ಹಾಕಿ ಎರಡು ವಿಷಲ್ ಕೂಗಿಸಿಬಿಟ್ಟೆ. ಮುಚ್ಚಳ ತೆಗೆದು ಇಕ್ಕಳದಲ್ಲಿ ಎತ್ತಿದ್ರೆ ಮುಳ್ಳಿನ ಕಪ್ಪು ಚಿಪ್ಪು ಪೆನ್ನಿನ ಕ್ಯಾಪ್ ತರ ಕಳಚಿ ನೀರಿಗೆ ಬಿತ್ತು, ಕೈಯಲ್ಲಿ ಉಳಿದಿದ್ದು ಬಳಪದ ತುಂಡಿನ ತರ ಒಂದು ಮೊಂಡು ಮೂಳೆ. ಹೆಂಡತಿ ಆ ಕುಕ್ಕರ್‌ನ ಮತ್ತೆ ಒಲೆ ಮೇಲೆ ಇಡಲಿಲ್ಲ, ಈಗ ಅದು ಗ್ಯಾರೇಜಲ್ಲಿದೆ.

ಯಾಕೆ ಹೀಗಾಯ್ತು ಅಂದ್ರೆ, ಸ್ಪರ್ ಅನ್ನೋದು ಹಸುವಿನ ಕೊಂಬಿನ ತರ, ಒಳಗೆ ಕಾಲಿನ ಮೂಳೆಗೇ ಅಂಟಿಕೊಂಡು ಬೆಳೆದ ಗಟ್ಟಿ ಮೂಳೆ, ಅದರ ಮೇಲೆ ನಮ್ಮ ಉಗುರಿನ ತರ ಕೆರಾಟಿನ್‌ನ ಚಿಪ್ಪು. ಹೊಳಪು, ಚೂಪು, ಬಾಗು ಎಲ್ಲಾ ಆ ಚಿಪ್ಪಿನದ್ದೇ. ಜಾಸ್ತಿ ಬೇಯಿಸಿದ್ರೆ ಮಧ್ಯದ ಹಿಡಿತ ಸಡಿಲ ಆಗಿ ಚಿಪ್ಪು ಜಾರತ್ತೆ. ಜಾರಿದ್ರೆ ಎದೆ ಒಡ್ಕೋಬೇಡಿ, ಪೂರ್ತಿ ಒಣಗಿಸಿ ಒಳಗೆ ಸ್ವಲ್ಪ ಎಪಾಕ್ಸಿ ಅಂಟು ಹಾಕಿ ವಾಪಸ್ ತೊಡಿಸಬಹುದು, ನಾನೂ ಹಾಗೇ ಮಾಡ್ದೆ, ಆದ್ರೆ ಒಂದು ಸೊಟ್ಟಗೆ ಕೂತಿದೆ.

ಗರಗಸ ಹಿಡಿಯೋ ಮೊದಲು ಅಳತೆ ತಗೊಳ್ಳಿ. ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಷನ್ ಅಂತ 1973ರಿಂದ ಇದೆ, ಹಕ್ಕಿಗೆ ಅಂಕ ಕೊಡೋ ಅವರ ಲೆಕ್ಕ ಏನಪ್ಪಾ ಅಂದ್ರೆ ತೂಕ ಪೌಂಡಲ್ಲಿ, ಅದಕ್ಕೆ ಎದೆ ಮೇಲೆ ಜೋತಾಡೋ ಗಡ್ಡದ ತರದ ಗರಿಗಳ ಉದ್ದ ಇಂಚಲ್ಲಿ ಅಳೆದು ಅದರ ಎರಡರಷ್ಟು, ಆಮೇಲೆ ಎರಡೂ ಸ್ಪರ್ ಇಂಚಲ್ಲಿ ಕೂಡಿಸಿ ಅದರ ಹತ್ತರಷ್ಟು. ನನ್ನ ಎರಡನೇ ಹಕ್ಕಿ 21 ಪೌಂಡ್, ಗಡ್ಡ 10 ಇಂಚು, ಮುಳ್ಳು ಒಂದು 1.125 ಇನ್ನೊಂದು 1 ಇಂಚು, ಒಟ್ಟು 62.25. ಮುಳ್ಳಿಗೇ ಎಷ್ಟು ಬೆಲೆ ಕೊಟ್ಟಿದ್ದಾರೆ ನೋಡಿ. ಚರ್ಮದಿಂದ ಮುಳ್ಳು ಹೊರಗೆ ಬರೋ ಜಾಗದಿಂದ ತುದಿವರೆಗೆ, ಹೊರಗಿನ ಬಾಗಿನ ಮೇಲೆ ಟೇಪ್ ಇಡಬೇಕು. ಚರ್ಮ ಸುಲಿದ ಮೇಲೆ ಆ ಗೆರೆನೇ ಇರಲ್ಲ, ಅದಕ್ಕೇ ಮೊದಲು ಅಂದಿದ್ದು. ನಮ್ಮೂರ ಸಂತೆಯಲ್ಲಿ ನಾಟಿ ಹುಂಜ ತಗೊಳ್ಳೋವಾಗ ಅಜ್ಜ ಕಾಲೆತ್ತಿ ಮುಳ್ಳು ನೋಡಿ "ಇದು ಮುದುಕ, ಬೇಯಲ್ಲ" ಅಂತಿದ್ರಲ್ಲ, ಇಲ್ಲೂ ಅದೇ: ಒಂದು ವರ್ಷದ ಜೇಕ್‌ಗೆ (ಎಳೆ ಗಂಡಿಗೆ) ಬರೀ ಗುಂಡಿ ತರ ಇರತ್ತೆ, ಇಂಚು ದಾಟಿದ್ರೆ ಸುಮಾರಾಗಿ ಮೂರು ವರ್ಷ ಇಲ್ಲಾ ಮೇಲೆ. ಕೊಂಬೆಗೆ ಮುಳ್ಳಿಂದಲೇ ನೇತು ಹಾಕಬಹುದಾದ ಹಕ್ಕಿಗೆ ಇಲ್ಲಿಯವರು ಲಿಂಬ್ ಹ್ಯಾಂಗರ್ ಅಂತಾರೆ.

ಈಗ ಕೆಲಸ. ಕಾಲನ್ನ ರಾತ್ರಿ ಫ್ರೀಜರಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ, ಪೂರ್ತಿ ಐಸ್ ಬಿಟ್ಟ ಮೇಲೆ ಬಟ್ಟೆ ಸುತ್ತಿ ವೈಸ್‌ಗೆ (ಬಿಗಿಯಾಗಿ ಹಿಡಿಯೋ ಉಪಕರಣ) ಹಾಕಿ. ಹ್ಯಾಕ್ಸಾ ಬ್ಲೇಡ್ ಹೊಸದಿರಲಿ. ಮುಳ್ಳಿಂದ ಅರ್ಧ ಇಂಚು ಮೇಲೆ, ಅರ್ಧ ಇಂಚು ಕೆಳಗೆ, ಮೂಳೆಗೆ ನೇರ ಅಡ್ಡಡ್ಡ ಕುಯ್ಯಿರಿ, ಜಾಸ್ತಿ ಅನ್ಸಿದ್ರೆ ಆಮೇಲೆ ಉಜ್ಜಬಹುದು, ಕಮ್ಮಿ ಆದ್ರೆ ಏನೂ ಮಾಡಕ್ಕಾಗಲ್ಲ. ಗಿಡ ಕತ್ತರಿಸೋ ಕಟರ್ ಮಾತ್ರ ಬೇಡ, ಒಳಗೆ ಟೊಳ್ಳು ಇರೋದ್ರಿಂದ ಬಿದಿರಿನ ತರ ಉದ್ದಕ್ಕೆ ಸೀಳತ್ತೆ. ಮಾಸ್ಕ್ ಹಾಕ್ಕೊಳ್ಳಿ, ಮೂಳೆ ಪುಡಿ ಮೂಗಿಗೆ ಹೋಗೋದು ಒಳ್ಳೇದಲ್ಲ, ವಾಸನೆ ಅಂತೂ ಹೇಳಲ್ಲ.

ಈಗ ನಿಮ್ಮ ಕೈಯಲ್ಲಿ ಮುಳ್ಳು ಇರೋ ಉಂಗುರ ಇದೆ. ಒಳಗಿನ ಮಜ್ಜೆನ ತಂತಿಯಿಂದ ತಳ್ಳಿ, ಆಮೇಲೆ ಬಾಟಲ್ ತೊಳೆಯೋ ಸಣ್ಣ ಬ್ರಷ್ ಆಡಿಸಿ. ಹಿಂಭಾಗದಲ್ಲಿ ಟೆಂಡನ್‌ಗಳು (ಸ್ನಾಯುನ ಮೂಳೆಗೆ ಕಟ್ಟೋ ದಾರಗಳು) ಕಡ್ಡಿ ತರ ಗಟ್ಟಿ ಇರ್ತವೆ, ಅದನ್ನೆಲ್ಲ ಎಳೆದು ತೆಗೀರಿ, ಮುಂದೆ ವಾಸನೆ ಬರೋದು, ಹುಳ ಬೀಳೋದು ಅಲ್ಲಿಂದಲೇ. ಚರ್ಮಕ್ಕೆ ಪಾತ್ರೆ ಸೋಪು ಹಾಕಿದ ಬಿಸಿನೀರು ಸಾಕು, ಕುದಿಯೋದಲ್ಲ, ಬೆರಳಿಟ್ರೆ ಸುಡೋ ಅಷ್ಟು. ಹತ್ತು ನಿಮಿಷ ನೆನೆಸಿ ಚಾಕು ತುದಿಯಿಂದ ಎಬ್ಬಿಸಿದ್ರೆ ಹುರುಪೆ ಹುರುಪೆಯಾಗಿ ಏಳತ್ತೆ, ಬರದಿದ್ರೆ ಇನ್ನೊಂದ್ಸಲ ನೆನೆಸಿ. ಇಲ್ಲೇ ನನಗೆ ತಾಳ್ಮೆ ಕೆಟ್ಟಿದ್ದು.

ಮೂಳೆ ಬೆಳ್ಳಗಾಗಬೇಕು ಅಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ 3% ಹೈಡ್ರೋಜನ್ ಪೆರಾಕ್ಸೈಡ್ ಹತ್ತೀಲಿ ಹಚ್ಚಿ, ಬಟ್ಟೆಗೆ ಹಾಕೋ ಬ್ಲೀಚ್ ಹಾಕಬೇಡಿ, ಅದು ಮೂಳೆನ ತಿಂದು ಪುಡಿ ಮಾಡತ್ತೆ. ನಾನಂತೂ ಬಿಳಿ ಮಾಡೋದು ಬಿಟ್ಟೆ, ಸ್ವಲ್ಪ ಹಳದಿ ಇದ್ರೇ ಚಂದ. ಆಮೇಲೆ ಬೋರಾಕ್ಸ್, ನಮ್ಮಲ್ಲಿ ಬಿಳಿಗಾರ ಅಂತಾರಲ್ಲ ಅದೇ, ಒಂದು ಡಬ್ಬಿಗೆ ಹಾಕಿ ಮುಳ್ಳುಗಳನ್ನ ಹೂತಿಟ್ಟು ಎರಡು ಮೂರು ವಾರ ಮರೆತುಬಿಡಿ. ಬೇಗ ಆಗ್ಲಿ ಅಂತ ಅವನ್‌ಗೋ ಬಿಸಿಲಿಗೋ ಇಟ್ರೆ ಬಿರುಕು ಬಿಡತ್ತೆ. ಒಣಗಿದ ಮೇಲೆ ಅಂಚನ್ನ ನೀಟಾಗಿ ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಬಣ್ಣ ಇಲ್ಲದ ನೇಲ್ ಪಾಲಿಶ್ ಒಂದು ಕೋಟ್. ಕೊಬ್ಬರಿ ಎಣ್ಣೆ ಹಚ್ಚೋ ಆಸೆ ಬರತ್ತೆ, ಬೇಡ, ಕಮಟು ವಾಸನೆ ಹೊಡೆಯತ್ತೆ.

ಉಂಗುರದ ತೂತಲ್ಲಿ ಚರ್ಮದ ದಾರ ತೂರಿಸಿ ಟೋಪಿಗೆ ಸುತ್ಕೋಬಹುದು, ಸರ ಮಾಡ್ಕೋಬಹುದು. ಇದೇನು ಹೊಸ ಖಯಾಲಿ ಅಲ್ಲ, 1600ರ ಶುರುವಿನಲ್ಲಿ ವರ್ಜೀನಿಯಾದ ಮೂಲ ಜನ ಟರ್ಕಿ ಮುಳ್ಳನ್ನೇ ಬಾಣದ ತುದಿಗೆ ಹಾಕ್ತಿದ್ರು ಅಂತ ಜಾನ್ ಸ್ಮಿತ್ ಬರೆದಿಟ್ಟಿದ್ದಾನೆ. ಇದನ್ನ ಓದೋ ಊರಿನವರಿಗೆ ಒಂದು ಮಾತು, ಕಾಡುಕೋಳಿ ಮೇಲೋ ನವಿಲಿನ ಮೇಲೋ ಪ್ರಯೋಗ ಮಾಡೋಕೆ ಹೋಗ್ಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ, ಜೈಲಾಗತ್ತೆ.

ಮತ್ತೆ, ಎಡಗಾಲು ಬಲಗಾಲು ಗುರುತು ಹಾಕಿ ಬೇರೆ ಬೇರೆ ಡಬ್ಬೀಲಿ ಇಡಿ, ಒಣಗಿದ ಮೇಲೆ ಯಾವುದು ಯಾವುದು ಅಂತ ಗೊತ್ತೇ ಆಗಲ್ಲ. ಚರ್ಮ ಬಿಡಿಸೋವಾಗ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಕೆಳಗೆ ಕಾಮೆಂಟ್ ಹಾಕಿ, ಫೋಟೋ ಇದ್ರೆ ಇನ್ನೂ ಒಳ್ಳೇದು.