ಹೆಸರಿನ ಮೇಲೆ ತಕರಾರು ಬಂದರೆ ಕೇಸ್ ನಡೆಸುವವರು ಯಾರು?

ಪ್ರಶ್ನೆ: ಒಂದು ಕಂಪನಿಯಿಂದ ಫ್ರಾಂಚೈಸಿ (ಅದರ ಹೆಸರಿನಲ್ಲಿ ವ್ಯಾಪಾರ ಮಾಡುವ ಅನುಮತಿ) ಪಡೆದು ಮಳಿಗೆ ನಡೆಸುತ್ತಿದ್ದೇನೆ. ‘ಈ ಹೆಸರನ್ನು ನಿಮ್ಮ ಕಂಪನಿಗಿಂತ ಮೊದಲಿನಿಂದಲೂ ನಾವು ಬಳಸುತ್ತಿದ್ದೇವೆ, 15 ದಿನದೊಳಗೆ ಬೋರ್ಡ್ ತೆಗೆಯಿರಿ’ ಎಂದು ಬೇರೊಬ್ಬರ ವಕೀಲರಿಂದ ನೋಟಿಸ್ ಬಂದಿದೆ. ಕಂಪನಿಯವರು ‘ನೋಡೋಣ’ ಅನ್ನುತ್ತಾರೆ. ಹೊಣೆ ಯಾರದು?

ಉತ್ತರ: ದಯವಿಟ್ಟು ನೋಟಿಸಿಗೆ ನೀವಾಗಿಯೇ ಉತ್ತರ ಬರೆಯಬೇಡಿ. ‘ಗೊತ್ತಿರಲಿಲ್ಲ, ಬದಲಿಸುತ್ತೇವೆ’ ಎಂದು ಒಂದು ಸಾಲು ಬರೆದರೂ ಎದುರು ಪಕ್ಷದವರು ಅದನ್ನೇ ಒಪ್ಪಿಗೆ ಎಂದು ಹಿಡಿದುಕೊಳ್ಳುತ್ತಾರೆ. ‘ನಮ್ಮನ್ನು ಕೇಳದೆ ರಾಜಿಗೆ ಹೋದಿರಿ’ ಎಂದು ಕಂಪನಿಯೂ ಕೈ ತೊಳೆದುಕೊಳ್ಳಬಹುದು. ಹಾಗೆಂದು ಗಡುವು ಮೀರಲು ಬಿಡಬಾರದು. ನೋಟಿಸಿನ ಪ್ರತಿ ಮತ್ತು ಅದು ಕೈಸೇರಿದ ದಿನಾಂಕವನ್ನು ಒಪ್ಪಂದದಲ್ಲಿರುವ ವಿಳಾಸಕ್ಕೆ, ಅಲ್ಲಿ ಹೇಳಿದ ರೀತಿಯಲ್ಲೇ, ಇವತ್ತೇ ಕಳಿಸಿ. ಫೋನಿನಲ್ಲಿ ಹೇಳಿದ್ದು ಸಾಲದು.

ಆಮೇಲೆ ಒಪ್ಪಂದದ ಟ್ರೇಡ್‌ಮಾರ್ಕ್ (ವ್ಯಾಪಾರದ ಹೆಸರು, ಗುರುತು) ಕಲಂ ತೆಗೆದು ವಾಕ್ಯ ಹೇಗೆ ಮುಗಿಯುತ್ತದೆ ನೋಡಿ. ‘ಕಂಪನಿಯು ತನ್ನ ಖರ್ಚಿನಲ್ಲಿ ಪ್ರತಿವಾದ ನಡೆಸತಕ್ಕದ್ದು’ ಎಂದಿದ್ದರೆ ಹೊಣೆ ಅವರದು. ‘ತನ್ನ ವಿವೇಚನೆಯಂತೆ ನಡೆಸಬಹುದು’ ಎಂದಿದ್ದರೆ ಅದು ಅವರ ಹಕ್ಕು, ಹೊಣೆಯಲ್ಲ. ಇಂಗ್ಲಿಷ್ ಕರಡಿನಲ್ಲಿ ‘ಶಲ್’, ‘ಮೇ’ ಎಂಬ ಎರಡು ಪದಗಳಲ್ಲೇ ಈ ವ್ಯತ್ಯಾಸ ಅಡಗಿರುತ್ತದೆ. ಕೇಸಿನ ಹಿಡಿತ ಕಂಪನಿಯ ಕೈಯಲ್ಲಿರುವುದು ಸರಿಯೇ. ಒಂದು ಮಳಿಗೆ ಸೋತರೆ ಎಲ್ಲ ಮಳಿಗೆಗಳ ಹೆಸರಿಗೂ ಕುತ್ತು. ಆದರೆ ಹಿಡಿತ ಅವರದು, ಖರ್ಚು ನಿಮ್ಮದು ಎಂಬ ಕಲಂ ಅನ್ಯಾಯದ್ದು. ಅದಕ್ಕೆ ಸಹಿ ಹಾಕಬಾರದು.

ಖರ್ಚಿನಲ್ಲಿ ಮೂರು ಬಾಬತ್ತುಗಳಿವೆ: ವಕೀಲರ ಶುಲ್ಕ, ನ್ಯಾಯಾಲಯ ವಿಧಿಸುವ ಪರಿಹಾರ, ಹೆಸರು ಬದಲಿಸುವ ಖರ್ಚು. ಮೊದಲೆರಡನ್ನು ಭರಿಸುತ್ತೇವೆ ಎನ್ನುವ ಒಪ್ಪಂದವೂ ಮೂರನೆಯದನ್ನು ಎಷ್ಟೋ ಸಲ ಫ್ರಾಂಚೈಸಿ ಪಡೆದವರ ತಲೆಗೇ ಕಟ್ಟಿರುತ್ತದೆ. ಬೋರ್ಡ್, ಪ್ಯಾಕಿಂಗ್, ಸಮವಸ್ತ್ರ, ಬಿಲ್ ಪುಸ್ತಕ ಎಲ್ಲವೂ ಅದರಲ್ಲೇ ಬರುತ್ತವೆ. ಆ ದಿನಗಳಲ್ಲಿ ತಪ್ಪಿದ ವ್ಯಾಪಾರಕ್ಕೆ ಪರಿಹಾರವಿದೆಯೇ ಎಂದೂ ನೋಡಿ. ಇನ್ನೊಂದು ಷರತ್ತು: ಹೆಸರನ್ನು ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಬಳಸಿರಬೇಕು. ಲೋಗೋ ಪಕ್ಕ ನಿಮ್ಮದೊಂದು ಪದ ಸೇರಿಸಿದ್ದರೆ ರಕ್ಷಣೆ ಅಲ್ಲಿಗೇ ತಪ್ಪಬಹುದು.

ಕಂಪನಿಯವರು ನೋಂದಣಿ ಪ್ರಮಾಣಪತ್ರ ತೋರಿಸಿದರೆಂದು ನಿಶ್ಚಿಂತರಾಗಬೇಡಿ. ವಿಶ್ವ ವ್ಯಾಪಾರ ಸಂಘಟನೆಯ ಟ್ರಿಪ್ಸ್ (ಬೌದ್ಧಿಕ ಆಸ್ತಿ ಹಕ್ಕುಗಳ) ಒಪ್ಪಂದದ 16ನೇ ವಿಧಿಯ ಪ್ರಕಾರ, ಟ್ರೇಡ್‌ಮಾರ್ಕಿನ ಹಕ್ಕು ಅದಕ್ಕಿಂತ ಹಿಂದಿನಿಂದ ಇರುವ ಹಕ್ಕಿಗೆ ಧಕ್ಕೆ ತರುವಂತಿಲ್ಲ. ಹಾಗಾಗಿ ಮೊದಲು ಬಳಸಿದ್ದು ಯಾರು ಎಂಬುದೇ ಇಲ್ಲಿ ಮುಖ್ಯ. ಕಂಪನಿಯ ಅತಿ ಹಳೆಯ ಬಿಲ್ಲು, ಜಾಹೀರಾತು ಕೇಳಿ. ನೋಂದಣಿ ಕಂಪನಿಯ ಹೆಸರಿನಲ್ಲೇ ಇದೆಯೇ, ನಿಮ್ಮ ವ್ಯಾಪಾರದ ವರ್ಗದಲ್ಲೇ ಇದೆಯೇ, ನವೀಕರಣವಾಗಿದೆಯೇ ಎಂದೂ ಟ್ರೇಡ್‌ಮಾರ್ಕ್ ರಿಜಿಸ್ಟರಿನಲ್ಲಿ ನೋಡಿ.

ಅಮೆರಿಕದಲ್ಲಿ ಈ ವಿಷಯವೆಲ್ಲ ಕಂಪನಿ ಕೊಡಬೇಕಾದ ಮಾಹಿತಿ ದಾಖಲೆಯ 13ನೇ ಬಾಬಿನಲ್ಲಿ ಬರುತ್ತದೆ. ಸಹಿಗೆ ಕನಿಷ್ಠ 14 ದಿನ ಮೊದಲು ಆ ದಾಖಲೆ ಕೈಸೇರಬೇಕು. ಅಂಥ ನಿಯಮವಿಲ್ಲದ ಕಡೆ ನೀವೇ ಲಿಖಿತವಾಗಿ ಕೇಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ಮಳಿಗೆಯ ಹತ್ತಿರವೇ ಒಬ್ಬರು ಹೆಸರು ನಕಲು ಮಾಡಿದ್ದಾರೆ. ನಾನೇ ದಾವೆ ಹೂಡಬಹುದೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 52ನೇ ಕಲಂ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ನೋಂದಾಯಿತ ಬಳಕೆದಾರರಿಗೆ (ಬಳಕೆದಾರರೆಂದು ಟ್ರೇಡ್‌ಮಾರ್ಕ್ ರಿಜಿಸ್ಟರಿನಲ್ಲಿ ದಾಖಲಾದವರಿಗೆ) ಮಾತ್ರ ಈ ಅವಕಾಶ ಕೊಡುತ್ತದೆ. ಬರೀ ಅನುಮತಿ ಪಡೆದವರಿಗೆ 53ನೇ ಕಲಂ ಅಡ್ಡ ಬರುತ್ತದೆ. ನೀವು ಮಾಡಬೇಕಾದ್ದು ಸಾಕ್ಷ್ಯ ಸಂಗ್ರಹ: ಅಲ್ಲಿ ಏನಾದರೂ ಕೊಂಡು ಬಿಲ್ ಪಡೆಯಿರಿ, ಬೋರ್ಡಿನ ಫೋಟೋ ದಿನಾಂಕ ಸಮೇತ ತೆಗೆಯಿರಿ, ಗೊಂದಲಗೊಂಡು ಬಂದ ಗ್ರಾಹಕರ ಮಾತು ಬರೆದಿಡಿ, ಎಲ್ಲವನ್ನೂ ಕಂಪನಿಗೆ ಕಳಿಸಿ. ಒಪ್ಪಂದ ನವೀಕರಿಸುವಾಗ ‘ದೂರು ಕೊಟ್ಟು 60 ದಿನದೊಳಗೆ ಕ್ರಮ ಜರುಗಿಸದಿದ್ದರೆ ರಾಯಲ್ಟಿ (ಹೆಸರು ಬಳಸಲು ಕಂಪನಿಗೆ ಕೊಡುವ ಶುಲ್ಕ) ಕಡಿತ’ ಎಂಬ ಸಾಲು ಸೇರಿಸಲು ಪಟ್ಟು ಹಿಡಿಯಿರಿ.