ಚಪ್ಪಲಿ ಹಾಕಿಕೊಂಡು ಮಲಗುವ ತಂಗಿಗೆ

ನಿಮ್ಮ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ನಿಮ್ಮ ಮೇಲಲ್ಲ, ನಿಮ್ಮ ಭಾವನ ಮೇಲೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಮನೆ, ತೋಟ ಎರಡೂ ಹೋದವು. ಈಗ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದೀರಿ, ಟೀಚರ್ ಕೆಲಸ. ಮಕ್ಕಳ ಹೆಸರು ಮರೆಯುತ್ತದೆ, ಒಲೆ ಮೇಲಿಟ್ಟ ಹಾಲು ಮರೆಯುತ್ತದೆ. ಆ ದಿನ ಏನಾಯಿತು ಎಂದು ಹೇಳಹೊರಟರೂ ಹಿಂದುಮುಂದಾಗುತ್ತದೆ. 'ಹೋದ ಸಲ ಬೇರೆ ಥರ ಹೇಳಿದ್ದೆಯಲ್ಲ' ಎಂದು ಭಾವ ನೆಂಟರೆದುರೇ ತಪ್ಪು ಹಿಡಿಯುತ್ತಾರೆ. ಥೈರಾಯ್ಡ್, ಬಿ12 ಎಲ್ಲ ಸರಿ ಇದೆ. 38ಕ್ಕೇ ಅರಳುಮರಳು ಶುರುವಾಯಿತೇ ಎಂಬುದು ನಿಮ್ಮ ಭಯ.

ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: 'ಮಳೆಗಾಲದಲ್ಲಿ ಚಪ್ಪಲಿ ಹಾಕಿಕೊಂಡೇ ಮಲಗುತ್ತೇನೆ, ಅಭ್ಯಾಸವಾಗಿದೆ.' ಓಡಲು ತಯಾರಾಗಿ ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು ತಂಗಿ? ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮರೆವು ಎಂದವರ ನಿದ್ದೆಯನ್ನು ಮೊದಲು ವಿಚಾರಿಸಿ ಎಂದು. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ.

ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಭಾಗ ಅಮಿಗ್ಡಲಾ. ದೊಡ್ಡ ಆಘಾತದ ಮೇಲೆ ಕೆಲವರಲ್ಲಿ ಅದು ಬೇಗ ಸುಮ್ಮನಾಗುವುದಿಲ್ಲ. ಜೋರು ಮಳೆಯ ಸದ್ದು ಕೇಳಿದರೂ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಗಮನವೆಲ್ಲ ಅತ್ತ ಹೋದಾಗ ಮಕ್ಕಳ ಹೆಸರು ಒಳಗೆ ಇಳಿಯುವುದೇ ಕಷ್ಟ. ಇನ್ನು ಯಾವುದಾದ ಮೇಲೆ ಯಾವುದಾಯಿತು ಎಂದು ಜೋಡಿಸಿಡುವುದು ಮಿದುಳಿನ ಇನ್ನೊಂದು ಭಾಗ, ಹಿಪೊಕ್ಯಾಂಪಸ್. ಭಯ ಮಿತಿಮೀರಿದಾಗ ಏರುವ ಒತ್ತಡದ ಹಾರ್ಮೋನುಗಳು ಆ ಕೆಲಸವನ್ನು ಕೆಡಿಸಬಹುದು. ಅದಕ್ಕೇ ಹಸಿಮಣ್ಣಿನ ವಾಸನೆ, ಮರ ಮುರಿದ ಸದ್ದು ನಿಮ್ಮಲ್ಲಿ ಹಾಗೇ ಉಳಿದಿವೆ, ಹೊತ್ತುಗೊತ್ತು ಮಾತ್ರ ಕಲಸಿಹೋಗಿದೆ. ಇದು ಸುಳ್ಳು ಹೇಳುವವರ ಲಕ್ಷಣ ಅಲ್ಲವೇ ಅಲ್ಲ. ಭಾವನಿಗೆ ಇಷ್ಟನ್ನು ಓದಿ ಹೇಳಿ. ಊಟದ ಹೊತ್ತಿನಲ್ಲಿ ಕೋರ್ಟು ನಡೆಸುವುದನ್ನು ಅವರು ಇವತ್ತೇ ನಿಲ್ಲಿಸಲಿ. ಅಕ್ಕ ಯಾಕೆ ಬಾಯಿ ಬಿಡುತ್ತಿಲ್ಲವೋ, ಅದೂ ನನಗೆ ಬೇಸರವೇ.

ದೊಡ್ಡ ಆಘಾತದ ನಂತರ ಕೆಲವರನ್ನು ಕಾಡುವ ಪಿಟಿಎಸ್‌ಡಿ ಎಂಬ ಮಾನಸಿಕ ಕಾಯಿಲೆ 1980ರಲ್ಲೇ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದೆ. ನಿಮಗಿರುವುದು ಅದೇ ಹೌದೋ ಅಲ್ಲವೋ ಪತ್ರ ನೋಡಿ ಹೇಳಲಾಗದು, ಪರೀಕ್ಷೆ ಮಾಡಿಯೇ ಹೇಳಬೇಕು. ಚಿಕಿತ್ಸೆಯಂತೂ ಇದೆ, ಎಷ್ಟು ವರ್ಷವಾಗಿದ್ದರೂ ಶುರು ಮಾಡಬಹುದು.

ನೀವು ಮಾಡಬೇಕಾದದ್ದು ಒಂದೇ. ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮರೆವಿನ ವಿಷಯ ಆಮೇಲೆ, ಮಳೆಗಾಲದ ರಾತ್ರಿಗಳ ವಿಷಯ ಮೊದಲು ಹೇಳಿ. ಅಲ್ಲಿಯವರೆಗೆ ಮೆಡಿಕಲ್ ಶಾಪಿನಿಂದ ನೀವಾಗಿಯೇ ನಿದ್ದೆ ಮಾತ್ರೆ ತಂದು ನುಂಗಬೇಡಿ.