ಕೊರೋನಾ ಮತ್ತು ಸಕ್ಕರೆ ಕಾಯಿಲೆ ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆ?

ಎರಡೂ ಒಂದನ್ನೊಂದು ಕೆರಳಿಸುತ್ತವೆ. ಸೋಂಕು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ. ಹಾಗಾಗಿ ಶುಗರ್ ಹತೋಟಿಯಲ್ಲಿಲ್ಲದವರಲ್ಲಿ ಕೊರೋನಾ ಉಲ್ಬಣಿಸುವ ಅಪಾಯ ಹೆಚ್ಚು.

ಸೋಂಕು ತಗಲಿದಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನುಗಳನ್ನು ಹೆಚ್ಚು ಸುರಿಸುತ್ತದೆ. ಇವುಗಳ ಒತ್ತಾಯಕ್ಕೆ ಯಕೃತ್ತು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಅದೇ ಹೊತ್ತಿಗೆ ಉರಿಯೂತದಿಂದಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಜ್ವರದಲ್ಲಿ ಎರಡು ತುತ್ತೂ ತಿನ್ನದವರ ಗ್ಲೂಕೋಮೀಟರ್ 300 ತೋರಿಸುವುದು ಇದೇ ಕಾರಣಕ್ಕೆ. 'ಊಟವೇ ಇಲ್ಲ, ಇನ್ಸುಲಿನ್ ಯಾಕೆ' ಎಂದು ನಿಲ್ಲಿಸುವವರಿದ್ದಾರೆ. ಇದು ಅಪಾಯ, ಅದರಲ್ಲೂ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ ಟೈಪ್ 1 ಸಕ್ಕರೆ ಕಾಯಿಲೆ ಇರುವವರಿಗೆ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸತೊಡಗಿದರೆ ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುತ್ತವೆ. ಬಿಡದ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಕಂಡರೆ ಕೊರೋನಾದ್ದೇ ಇರಬೇಕು ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯದ್ದೂ ಒಂದು ಪಾಲಿದೆ. ಆಮ್ಲಜನಕ ಬೇಕಾದ ರೋಗಿಗಳಿಗೆ ಕೊಡುವ ಡೆಕ್ಸಾಮೆಥಸೋನ್ ಜೀವ ಉಳಿಸುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಆದರೆ ಅದು ಸ್ಟೀರಾಯ್ಡ್, ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. 2021ರಲ್ಲಿ ಸುದ್ದಿಯಾದ ಬ್ಲ್ಯಾಕ್ ಫಂಗಸ್ ಹೆಚ್ಚಾಗಿ ಅಂಟಿದ್ದೂ ಸಕ್ಕರೆ ಮಿತಿಮೀರಿದವರಿಗೆ, ಸ್ಟೀರಾಯ್ಡ್ ಪಡೆದವರಿಗೆ. ಮೈ ಸ್ವಲ್ಪ ಬಿಸಿಯಾದರೆ ತಾವೇ ಸ್ಟೀರಾಯ್ಡ್ ಮಾತ್ರೆ ನುಂಗುವುದು ಶುದ್ಧ ಹುಚ್ಚು.

ಸೋಂಕಿನ ದಿನಗಳಲ್ಲಿ ಸಕ್ಕರೆಯನ್ನು ಮಾಮೂಲಿಗಿಂತ ಹೆಚ್ಚು ಸಲ ಪರೀಕ್ಷಿಸಿ, ನೀರು ಚೆನ್ನಾಗಿ ಕುಡಿಯಿರಿ. ಯಾವ ಮಾತ್ರೆ ಮುಂದುವರಿಸಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದನ್ನು ವೈದ್ಯರನ್ನೇ ಕೇಳಿ.